ಈಸ್ಟ್ ಬೇ ಕಡೆಗೆ ಹೊಸದಾಗಿ ಬಂದಿದ್ದೀರಾ? ಓಕ್ಲೆಂಡ್ 'ಏಸ್' ಕಥೆ ಸ್ವಲ್ಪ ಗೊತ್ತಿರಲಿ

ಈಸ್ಟ್ ಬೇ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಫ್ರೀಮಾಂಟ್, ಡಬ್ಲಿನ್, ಸ್ಯಾನ್ ಲಿಯಾಂಡ್ರೊ ಕಡೆ ಹೊಸದಾಗಿ ಮನೆ ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಯಾವ ಸ್ಕೂಲು ಚೆನ್ನಾಗಿದೆ, ಇಂಡಿಯನ್ ಅಂಗಡಿ ಎಲ್ಲಿದೆ, ಡ್ರೈವಿಂಗ್ ಟೆಸ್ಟ್‌ಗೆ ಯಾವ ಡಿಎಂವಿ ವಾಸಿ. ಅದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಪಕ್ಕದ ಮನೆಯವರು ಹಸಿರು ಟೀ ಶರ್ಟ್ ಹಾಕ್ತಾರೆ. ಎದೆ ಮೇಲೆ ದೊಡ್ಡದಾಗಿ 'ಸೆಲ್' ಅಂತ ಬರೆದಿದೆ. ಏನು ಮಾರ್ತಾರೆ ಅವರು?"

ಅವರು ಏನೂ ಮಾರುವುದಿಲ್ಲ. ಜಾನ್ ಫಿಷರ್ ಅನ್ನುವವರಿಗೆ "ನಿನ್ನ ಟೀಮ್ ಮಾರಿಬಿಡು" ಅಂತ ಹೇಳುತ್ತಿದ್ದಾರೆ. ಫಿಷರ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಮಾಲೀಕರು. ಈ ತಂಡವನ್ನು ಇಲ್ಲಿ ಎಲ್ಲರೂ ಕರೆಯುವುದು 'ಏಸ್' (A's) ಅಂತ. 1968ರಿಂದ 57 ಸೀಸನ್ ಓಕ್ಲೆಂಡ್‌ನಲ್ಲಿ ಆಡಿದ ತಂಡ 2024ರ ಕೊನೆಗೆ ಊರು ಬಿಟ್ಟಿತು. ಈಗ ಸ್ಯಾಕ್ರಮೆಂಟೊ ಪಕ್ಕದ ಸಣ್ಣ ಮೈದಾನದಲ್ಲಿ ದಿನ ತಳ್ಳುತ್ತಿದೆ. ಲಾಸ್ ವೇಗಸ್‌ನಲ್ಲಿ ಕಟ್ಟುತ್ತಿರುವ ಸ್ಟೇಡಿಯಂ 2028ಕ್ಕೆ ಸಿದ್ಧವಾಗಬೇಕು.

ಬೇಸ್‌ಬಾಲ್ ನನಗೆ ಬೇಡ ಅನ್ನುವವರೂ ಇದಿಷ್ಟು ತಿಳಿದುಕೊಂಡರೆ ಒಳ್ಳೆಯದು. ಆಫೀಸಿನಲ್ಲಿ, ಬೇಲಿಯ ಆಚೆ ಈಚೆ, ಮಕ್ಕಳ ಲಿಟಲ್ ಲೀಗ್ ಮೈದಾನದಲ್ಲಿ ಮಾತು ಇದರ ಕಡೆ ತಿರುಗಿಯೇ ತಿರುಗುತ್ತದೆ. ಓಕ್ಲೆಂಡ್‌ಗೆ ಇದು ಮೂರನೇ ಪೆಟ್ಟು. 2019ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. 2020ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ಲಾಸ್ ವೇಗಸ್ ಸೇರಿದರು. ಉಳಿದಿದ್ದು ಇದೊಂದೇ.

ನಮಗೆ ತಲೆಗೆ ಹತ್ತದ ವಿಷಯ ಒಂದಿದೆ. ನಮ್ಮಲ್ಲಿ ಕರ್ನಾಟಕದ ರಣಜಿ ತಂಡ ಇನ್ನೊಂದು ರಾಜ್ಯಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಇಲ್ಲಿ ತಂಡ ಊರಿನದಲ್ಲ, ಮಾಲೀಕನದು. ಬೇರೆ ಮಾಲೀಕರು ಒಪ್ಪಿದರೆ ಎತ್ತಿಕೊಂಡು ಹೋಗಬಹುದು. 2023ರ ನವೆಂಬರ್‌ನಲ್ಲಿ ಲೀಗಿನ 30 ತಂಡಗಳ ಮಾಲೀಕರೂ ಸೇರಿ ಒಬ್ಬರೂ ತಕರಾರು ತೆಗೆಯದೆ ಒಪ್ಪಿದರು. ನೆವಾಡ ಸರ್ಕಾರ ಅದಕ್ಕೂ ಮೊದಲೇ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತ್ತು. ಹಾಗೆ ನೋಡಿದರೆ ಓಕ್ಲೆಂಡ್‌ಗೂ ಈ ತಂಡ ಸಿಕ್ಕಿದ್ದು ಹೀಗೆಯೇ. ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1955ರಲ್ಲಿ ಕಾನ್ಸಾಸ್ ಸಿಟಿಗೆ ಹೋಗಿ, 13 ಸೀಸನ್ ಆದಮೇಲೆ ಅಲ್ಲಿಂದಲೂ ಎದ್ದು ಬಂದ ತಂಡ ಇದು. ಈ ಮಾತನ್ನು ಮಾತ್ರ ಪಕ್ಕದ ಮನೆಯವರ ಹತ್ತಿರ ಆಡಬೇಡಿ. ಅವರಿಗೆ ಗೊತ್ತಿದೆ.

ಫ್ರೀಮಾಂಟ್‌ನವರಿಗೆ ಒಂದು ತಮಾಷೆ ಸಂಗತಿ. ಈ ತಂಡ ನಿಮ್ಮೂರಿಗೇ ಬರಬೇಕಿತ್ತು! 2006ರಲ್ಲಿ ಅಲ್ಲಿ ಸ್ಟೇಡಿಯಂ ಕಟ್ಟುವ ಯೋಜನೆ ಹಾಕಿದರು. ಜನರ ವಿರೋಧ ಜೋರಾಯಿತು, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ ಕಡೆ ಕಣ್ಣು ಹಾಕಿದರು. ಆ ಜಾಗ ನಮ್ಮ ಹಕ್ಕಿನದು ಅಂತ ಪಕ್ಕದೂರಿನ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನವರು ಅಡ್ಡ ಬಂದರು. ಸ್ಯಾನ್ ಹೋಸೆ ನಗರ ಕೋರ್ಟಿಗೆ ಹೋಯಿತು, 2015ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನೇ ಎತ್ತಿಕೊಳ್ಳಲಿಲ್ಲ. ಕೊನೆಗೆ ಸ್ಟೇಡಿಯಂಗೆ ನೋಡಿದ್ದು ಓಕ್ಲೆಂಡ್ ಬಂದರಿನ ಹೋವರ್ಡ್ ಟರ್ಮಿನಲ್ ಜಾಗ. ಅದರ ಮೇಲೆ ವರ್ಷಗಟ್ಟಲೆ ಚೌಕಾಸಿ ನಡೆಯಿತು. 2023ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಲಾಸ್ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಅನ್ನುವ ಸುದ್ದಿ ಬಂತು.

ತಪ್ಪು ಯಾರದು ಅಂತ ಕೇಳಿದರೆ ಜಗಳ ಗ್ಯಾರಂಟಿ. ಮ್ಯಾಚಿಗೆ ಜನವೇ ಬರುತ್ತಿರಲಿಲ್ಲ ಅನ್ನುವುದು ತಂಡದ ವಾದ. ಬರಲಿ ಹೇಗೆ? ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಥರದ ಒಳ್ಳೆ ಆಟಗಾರರನ್ನು 2022ರಲ್ಲಿ ಸಾಲಾಗಿ ಬೇರೆ ತಂಡಗಳಿಗೆ ಕೊಟ್ಟರು. ಅದೇ ವರ್ಷದ ಸೀಸನ್ ಟಿಕೆಟ್ ದರ ಏರಿಸಿದರು. 2023ರಲ್ಲಿ ತಂಡ 112 ಮ್ಯಾಚ್ ಸೋತಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂತಾರಲ್ಲ, ಅದೂ ಅಲ್ಲ ಇದು. ಇಲ್ಲಿ ತೊಟ್ಟಿಲು ತೂಗುವ ಕೆಲಸವನ್ನೂ ಮಾಡಲಿಲ್ಲ. ನಗರಸಭೆ ಚುರುಕಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೂ ನನ್ನ ಲೆಕ್ಕದಲ್ಲಿ ದೊಡ್ಡ ಪಾಲು ಮಾಲೀಕರದೇ.

ಆ 'ಸೆಲ್' ಟೀ ಶರ್ಟ್ ಬಂದಿದ್ದು 2023ರ ಜೂನ್ 13ರಂದು. ಬಹಿಷ್ಕಾರ ಹಾಕಿ ಹಾಕಿ ಸಾಕಾಗಿತ್ತು ಜನಕ್ಕೆ. ಈ ಸಲ ತಿರುಗಾಮುರುಗಾ ಮಾಡೋಣ, ಎಲ್ಲರೂ ಹೋಗಿ ಮೈದಾನ ತುಂಬಿಸೋಣ ಅಂತ ತೀರ್ಮಾನಿಸಿದರು. ವಾರದ ಮಧ್ಯದ ಮಂಗಳವಾರ, 27,759 ಜನ. ಅತಿ ಕಳಪೆ ತಂಡ ಆ ದಿನ ಬಲಿಷ್ಠ ಟ್ಯಾಂಪಾ ಬೇ ರೇಸ್ ತಂಡವನ್ನು 2-1ರಿಂದ ಸೋಲಿಸಿತು. ಆ ಟೀ ಶರ್ಟ್ ಇನ್ನೂ ಇಟ್ಟುಕೊಂಡವರಿಗೆ ಅದು ಬರೀ ಬಟ್ಟೆಯಲ್ಲ, ಆ ರಾತ್ರಿಯ ರಸೀದಿ.

2024ರ ಕೊನೆಯ ಸೀಸನ್ ಶುರುವಾದಾಗ ಇನ್ನೊಂದು ಥರ. ಮೊದಲ ಮ್ಯಾಚಿನ ದಿನ ಅಭಿಮಾನಿಗಳು ಪಾರ್ಕಿಂಗ್ ಜಾಗದಲ್ಲೇ ಹಬ್ಬ ಮಾಡಿದರು, ಎಷ್ಟೋ ಜನ ಒಳಗೆ ಕಾಲಿಡಲಿಲ್ಲ. ಮುಂದೆಯೂ ಸರಾಸರಿ 11 ಸಾವಿರದ ಆಸುಪಾಸು ಜನ ಬರುತ್ತಿದ್ದರು ಅಷ್ಟೇ. ಹೊಟ್ಟೆ ಉರಿಸುವ ಮಾತೆಂದರೆ ತಂಡ ಆ ವರ್ಷ ಸುಧಾರಿಸುತ್ತಿತ್ತು. ತಂಡದ ಬ್ರೆಂಟ್ ರೂಕರ್ 39 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರು.

ಓಕ್ಲೆಂಡ್‌ನಲ್ಲಿ ಏಸ್ ಆಡುತ್ತಿದ್ದ ಕೊಲಿಸಿಯಂ ಚೆಂದದ ಮೈದಾನವೇನಲ್ಲ. 1966ರ ಕಾಂಕ್ರೀಟ್ ಬಟ್ಟಲು. ಚರಂಡಿ ನೀರು ಆಟಗಾರರ ಕೋಣೆಗೆ ನುಗ್ಗಿದ್ದಿದೆ, ಕಾಮೆಂಟರಿ ಕೋಣೆಯಲ್ಲಿ ಪಾಸಮ್ ಅನ್ನುವ ಕಾಡುಪ್ರಾಣಿ ಸಂಸಾರ ಹೂಡಿದ್ದಿದೆ. ಹಿಂದೆ ಓಕ್ಲೆಂಡ್ ಗುಡ್ಡಗಳು ಕಾಣುತ್ತಿದ್ದವು. ರೇಡರ್ಸ್‌ಗೋಸ್ಕರ ಎತ್ತರದ ಗ್ಯಾಲರಿ ಕಟ್ಟಿ ಅದನ್ನೂ ಮುಚ್ಚಿದರು. ಆದರೂ ಬಾರ್ಟ್ ರೈಲು ಇಳಿದು ಕಾಲುಸೇತುವೆ ಮೇಲೆ ನಡೆಯುವಾಗಲೇ ಮ್ಯಾಚ್ ಶುರುವಾದ ಹಾಗೆ ಅನ್ನಿಸುತ್ತಿತ್ತು. ಎರಡೂ ಕಡೆ ಹಾಟ್ ಡಾಗ್ ಸುಡುವ ಹೊಗೆ, ನೀರಿನ ಬಾಟಲಿ ಮಾರುವವರ ಕೂಗು, ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಪೊಟ್ಟಣ. ಥೇಟ್ ಬಸವನಗುಡಿ ಪರಿಷೆ. ಒಳಗೆ ಬಲಗಡೆಯ ಅಗ್ಗದ ಬೆಂಚುಗಳಲ್ಲಿ ಡ್ರಮ್ ಬಡಿಯುವ ಗುಂಪು. ನಾವು ಚಿತ್ರಾನ್ನದ ಡಬ್ಬಿ ತಂದು ಅವರ ಹಿಂದೆಯೇ ಕೂರುತ್ತಿದ್ದೆವು. ಸಸ್ಯಾಹಾರಿಗಳಿಗೆ ಒಳಗೆ ಸಿಗುತ್ತಿದ್ದುದು ಅಷ್ಟರಲ್ಲೇ ಇತ್ತು.

2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ ಅಲ್ಲಿ ಕೊನೆಯ ಮ್ಯಾಚ್. 46,889 ಜನ. ಓಕ್ಲೆಂಡ್‌ನಲ್ಲೇ ಬೆಳೆದ, ಏಸ್‌ನ ಹಳೆಯ ಆಟಗಾರರಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್ ಮೊದಲ ಚೆಂಡು ಎಸೆದರು. ಟೆಕ್ಸಸ್ ರೇಂಜರ್ಸ್ ಮೇಲೆ 3-2 ಗೆಲುವು. ಮುಗಿದಮೇಲೆ ಮ್ಯಾನೇಜರ್ ಮಾರ್ಕ್ ಕೋಟ್ಸೆ ಮೈಕ್ ಹಿಡಿದು ಧನ್ಯವಾದ ಹೇಳಿ, ಓಕ್ಲೆಂಡ್ ಹೆಸರು ಕೂಗಿಸಿದರು. ಮೈದಾನದ ಮಣ್ಣನ್ನು ಲೋಟದಲ್ಲಿ ತುಂಬಿಸಿಕೊಂಡು ಹೋದವರನ್ನು ನೋಡಿದ್ದೇನೆ. ಮೂರು ತಿಂಗಳು ತುಂಬುವುದರೊಳಗೆ ರಿಕಿಯೂ ತೀರಿಕೊಂಡರು.

ಇನ್ನು ನೀವು ಮಾತಾಡುವಾಗ. "ಜೈಂಟ್ಸ್ ಇದ್ದಾರಲ್ಲ, ಅವರನ್ನೇ ನೋಡಿ" ಅನ್ನಬೇಡಿ. ಅದು ಗಾಯಕ್ಕೆ ಉಪ್ಪು. "ಒಂದು ಟೀಮ್ ತಾನೆ" ಅನ್ನುವುದಂತೂ ಬೇಡವೇ ಬೇಡ. ಮೊದಲ ಮ್ಯಾಚ್ ಯಾರ ಜೊತೆ ನೋಡಿದ್ರಿ ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಅಜ್ಜನ ಕಥೆ ಬರುತ್ತದೆ, 1972ರಿಂದ 74ರವರೆಗೆ ಸತತ ಮೂರು ಸಲ ಗೆದ್ದ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಫೈನಲ್) ಬರುತ್ತದೆ, 1989ರ ಭೂಕಂಪ ಬರುತ್ತದೆ. ಆ ವರ್ಷ ಫೈನಲ್‌ನಲ್ಲಿ ಎದುರಾಳಿ ಇದೇ ಜೈಂಟ್ಸ್, ಮೂರನೇ ಮ್ಯಾಚ್ ಶುರುವಾಗುವ ಹೊತ್ತಿಗೆ ನೆಲ ನಡುಗಿತ್ತು.

ಬೇಸ್‌ಬಾಲ್ ನೋಡಲೇಬೇಕು ಅನ್ನುವವರು ಸ್ಯಾಕ್ರಮೆಂಟೊಗೆ ಹೋಗಬಹುದು. ಫ್ರೀಮಾಂಟ್‌ನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಇದೆ, ಇಳಿದು ಟವರ್ ಬ್ರಿಡ್ಜ್ ದಾಟಿದರೆ ಮೈದಾನ. ಏಪ್ರಿಲ್‌ನಲ್ಲೇ ಹೋಗಿ. ಜುಲೈ ಬಿಸಿಲು ಮಕ್ಕಳ ಕೈಲಿ ಆಗುವುದಿಲ್ಲ. ರಾತ್ರಿ ಮ್ಯಾಚ್ ಆದರೆ ವಾಪಸ್ ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. ಅಲ್ಲಿ ತಂಡದ ಹೆಸರಿನಲ್ಲಿ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್.

ನನ್ನನ್ನು ಕೇಳಿದರೆ ವೆಸ್ಟ್ ಓಕ್ಲೆಂಡ್‌ನ ರೈಮಾಂಡಿ ಪಾರ್ಕ್‌ಗೆ ಹೋಗಿ. ಓಕ್ಲೆಂಡ್ ಬಾಲರ್ಸ್ ಅನ್ನುವ ಹೊಸ ತಂಡ 2024ರಿಂದ ಅಲ್ಲಿ ಆಡುತ್ತಿದೆ. ಸಣ್ಣ ಲೀಗ್, ಪಯೋನಿಯರ್ ಲೀಗ್. 2025ರಲ್ಲಿ ಚಾಂಪಿಯನ್ ಆದರು. ತಂಡದ ಪಾಲನ್ನು ಅಭಿಮಾನಿಗಳಿಗೂ ಮಾರಿದ್ದಾರೆ, ಆದ್ದರಿಂದ ಅಲ್ಲಿ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುವವರೇ ಮಾಲೀಕರಾಗಿದ್ದರೂ ಆಶ್ಚರ್ಯವಿಲ್ಲ. ಸ್ವೆಟರ್ ಮರೆಯಬೇಡಿ, ಸಂಜೆ ಕೊಲ್ಲಿ ಕಡೆಯಿಂದ ಗಾಳಿ ಜಾಸ್ತಿ.

ಕೊಲಿಸಿಯಂ ಒಳಗೆ ಹೇಗಿದೆ ನೋಡಬೇಕಾ? 2025ರ ಜೂನ್‌ನಲ್ಲಿ ಅಲ್ಲಿ ನಮ್ಮ ಕ್ರಿಕೆಟ್ಟೇ ನಡೆಯಿತು. ಮೇಜರ್ ಲೀಗ್ ಕ್ರಿಕೆಟ್‌ನ ಮೊದಲ ಮ್ಯಾಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್‌ನ ಫಿನ್ ಆಲೆನ್ 51 ಚೆಂಡಿನಲ್ಲಿ 151 ಬಾರಿಸಿದರು, ಅದರಲ್ಲಿ 19 ಸಿಕ್ಸರ್. ಮತ್ತೆ ಅಲ್ಲಿ ಕ್ರಿಕೆಟ್ ಬಂದರೆ ಪಕ್ಕದ ಮನೆಯ ಏಸ್ ಅಭಿಮಾನಿಯನ್ನೂ ಕರೆದುಕೊಂಡು ಹೋಗಿ. ಎಲ್‌ಬಿಡಬ್ಲ್ಯೂ ವಿವರಿಸುವ ಕಷ್ಟ ನಿಮ್ಮದು. ಯಾವ ಗೇಟಿನಿಂದ ಹೋದರೆ ಕ್ಯೂ ಕಮ್ಮಿ ಅಂತ ಅವರಿಗೆ ಗೊತ್ತಿರುತ್ತದೆ.