ಕಲಬುರಗಿಯಲ್ಲಿ ಸ್ವಂತ ವಕೀಲಿ ಕಚೇರಿ: ಕೇಸು ಎಲ್ಲಿಂದ ಬಂದವು?

ಸೀನಿಯರ್ ಹತ್ತಿರ ಕೆಲಸ ಬಿಟ್ಟು ಸ್ವಂತ ಕಚೇರಿ ಹಾಕ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ: ಕೇಸು ಎಲ್ಲಿಂದ ತರ್ತೀರಿ? ಕೇಳಬೇಕಾದ ಮಾತೇ. ಅಂಗಡಿ ಇಟ್ಟವರು ಜಾಹೀರಾತು ಕೊಡಬಹುದು, ವಕೀಲರು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಲ್ಲಿ ಜಾಹೀರಾತಿಗೂ ಅವಕಾಶವಿಲ್ಲ, ದಲ್ಲಾಳಿಗೂ ಇಲ್ಲ. ಬೋರ್ಡಿನ ಮೇಲೆ ‘ಜಮೀನು ಕೇಸಿನ ತಜ್ಞರು’ ಅಂತ ಬರೆಸುವಂತಿಲ್ಲ. 2008ರಿಂದ ವೆಬ್‌ಸೈಟ್ ಇಡಬಹುದು. ಹೆಸರು, ವಿಳಾಸ, ಫೋನು, ನೋಂದಣಿ ವಿವರ, ಓದು, ನಡೆಸುವ ಕೇಸುಗಳ ಬಗೆ, ಇಷ್ಟು ಹಾಕಬಹುದು. ನಾನು ಅಷ್ಟನ್ನೇ ಹಾಕಿದ್ದೇನೆ. ಪುಣೆ, ಹೈದರಾಬಾದಿನಲ್ಲಿ ಕೆಲಸದಲ್ಲಿದ್ದು ಇಲ್ಲಿ ಹೊಲ ಇರುವ ಹುಡುಗರು ಅದನ್ನು ನೋಡಿ ಫೋನು ಮಾಡುತ್ತಾರೆ. ಹಳ್ಳಿಯವರು ಯಾರೂ ನೋಡುವುದಿಲ್ಲ.

ಕೋರ್ಟಿಗೆ ಹತ್ತಿರ ಅಂತ ಜಾಸ್ತಿ ಬಾಡಿಗೆ ಕೊಡುವುದು ನನಗೆ ಬೇಕಾಗಿರಲಿಲ್ಲ. ನನ್ನ ಕಕ್ಷಿದಾರರು ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಸ್ಸಿಗೆ ಬರುವವರು. ಸಂಜೆ ಊರ ಬಸ್ಸು ತಪ್ಪಿದರೆ ಅವರ ಗತಿ ಮುಗಿಯಿತು. ಹಾಗಾಗಿ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ, ನೆಲಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ಮೆಟ್ಟಿಲು ಹತ್ತಲಾಗದ ವಯಸ್ಸಾದವರೇ ಜಾಸ್ತಿ ಅಲ್ವಾ, ಪಾಲಿನ ದಾವೆಗಳಲ್ಲಿ?

ಕೇಸು ತಂದುಕೊಟ್ಟದ್ದು ಮುಖ್ಯವಾಗಿ ಪೇಶಿಯ, ಅಂದರೆ ಕೋರ್ಟಿನ ವಿಚಾರಣೆ ದಿನದ, ಸುದ್ದಿ. ಇಲ್ಲಿ ಕಕ್ಷಿದಾರರು ವಕೀಲರನ್ನು ಬೈಯುವುದು ಕೇಸು ಸೋತಿದ್ದಕ್ಕಿಂತ ‘ಪೇಶಿ ಯಾವಾಗ ಅಂತ ಹೇಳಲ್ಲ, ಫೋನ್ ಎತ್ತಲ್ಲ’ ಅಂತ. ನಾನು ಕೋರ್ಟಿನಿಂದ ಬಂದ ಮೇಲೆ ಆ ದಿನದ ಪ್ರತಿ ಕೇಸಿಗೂ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜು ಕಳಿಸುತ್ತೇನೆ. ಬರೆದು ಕಳಿಸಿದರೆ ಎಷ್ಟೋ ಜನರಿಗೆ ಓದಲು ಬರುವುದಿಲ್ಲ. ಕನ್ನಡದವರಿಗೆ ಕನ್ನಡದಲ್ಲಿ, ಉರ್ದುವಿನವರಿಗೆ ನನ್ನ ಹರಕುಮುರುಕು ಉರ್ದುವಿನಲ್ಲಿ. ‘ಕಾಕಾ, ಇವತ್ತ ಜಡ್ಜ್ ಸಾಹೇಬ್ರು ರಜಾದಾಗ ಇದ್ರು. ಮುಂದಿನ ಪೇಶಿ ಹದಿನಾಲ್ಕಕ್ಕ ಅದ. ನೀವು ಬರೋದು ಬ್ಯಾಡ. ಸಾಕ್ಷಿ ಹೇಳೋದಿದ್ದಾಗ ನಾನೇ ಕರೀತೀನಿ.’ ಇಷ್ಟೇ. ‘ಬರೋದು ಬ್ಯಾಡ’ ಅನ್ನುವ ಆ ಮಾತಿನಿಂದ ಅವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ. ಆ ಮೆಸೇಜನ್ನು ಅವರು ಕಟ್ಟೆಯ ಮೇಲೆ ಕೂತು ಜೋರಾಗಿ ಹಾಕಿ ಕೇಳುತ್ತಾರೆ. ಪಕ್ಕದಲ್ಲಿ ಕೂತವನ ಕೇಸು ಬೇರೆ ವಕೀಲರ ಹತ್ತಿರ ಇರುತ್ತದೆ. ಅವನ ಮುಂದಿನ ಕೇಸು ನನ್ನ ಹತ್ತಿರ ಬಂದದ್ದು ಹೀಗೆಯೇ.

ಹಾಗಂತ ನಡೆಯುತ್ತಿರುವ ಕೇಸನ್ನು ಎಳೆದುಕೊಳ್ಳುವುದಿಲ್ಲ. ಮೊದಲಿನ ವಕೀಲರ ಒಪ್ಪಿಗೆ ತನ್ನಿ ಅನ್ನುತ್ತೇನೆ. ವಕೀಲರ ಸಂಘದಲ್ಲಿ ದಿನಾ ಮುಖ ನೋಡಬೇಕಲ್ಲ.

ಇನ್ನೊಂದು ದಾರಿ ನಮ್ಮ ಭಾಗದ ಹಳೇ ಕಾಗದಗಳದ್ದು. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ದಫ್ತರವೆಲ್ಲ ಉರ್ದು. ಇವತ್ತಿಗೂ ಜಮೀನು ತಕರಾರಿನಲ್ಲಿ ಅಜ್ಜನ ಟ್ರಂಕಿನಿಂದ ಒಂದು ಹಳದಿ ಕಾಗದ ಎದ್ದು ಬರುತ್ತದೆ. ಅದರ ಮೇಲೆ 1357 ಅಂತ ಇರುತ್ತದೆ. ಹೊಸ ವಕೀಲರು ಇದೇನು ಸರ್ವೆ ನಂಬರಾ ಅನ್ನುತ್ತಾರೆ. ಅದು ಫಸ್ಲಿ ವರ್ಷ, ಅಂದರೆ ನಿಜಾಮರ ಕಾಲದ ಕಂದಾಯ ಲೆಕ್ಕದ ವರ್ಷ. ನಮ್ಮ ಲೆಕ್ಕದಲ್ಲಿ 1947-48. ಫಸ್ಲಿಗೆ 590 ಕೂಡಿಸಿದರೆ ವರ್ಷ ಶುರುವಾದ ಇಸವಿ ಸಿಗುತ್ತದೆ. ನಾನು ನಿವೃತ್ತ ಉರ್ದು ಮಾಸ್ತರೊಬ್ಬರ ಹತ್ತಿರ ಸಂಜೆ ಕೂತು ಅಕ್ಷರ ಕಲಿತೆ. ಶಿಕಸ್ತಾ, ಅಂದರೆ ಉರ್ದುವಿನ ಗೀಚು ಬರಹ, ಇವತ್ತಿಗೂ ಪೂರ್ತಿ ಬಾರದು, ಆದರೆ ಪಟ್ಟೇದಾರನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ಹುಡುಕಿ ತೆಗೆಯುತ್ತೇನೆ. ಕೋರ್ಟಿಗೆ ಹಾಕಲು ಸರಿಯಾದ ಅನುವಾದ ಬೇರೆಯವರಿಂದಲೇ ಮಾಡಿಸುತ್ತೇನೆ. ಈಗ ‘ಸ್ವಲ್ಪ ಇದನ್ನ ನೋಡ್ರಿ’ ಅಂತ ಬೇರೆ ವಕೀಲರೇ ಕಾಗದ ಹಿಡಿದು ಬರುತ್ತಾರೆ. ಮೊದಮೊದಲು ಸುಮ್ನೆ ನೋಡಿಕೊಟ್ಟೆ. ಆಮೇಲೆ ಅವರೇ ನನ್ನನ್ನು ಜೊತೆಗೆ ವಕಾಲತ್ತಿನಲ್ಲಿ ಸೇರಿಸಿಕೊಂಡರು.

ಹೈಕೋರ್ಟ್ ಪೀಠ ಇಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಸೇಡಂ, ಚಿಂಚೋಳಿಯ ವಕೀಲರು ಮೇಲ್ಮನವಿ ಇದ್ದಾಗ ಕಲಬುರಗಿಯಲ್ಲಿ ಒಬ್ಬರನ್ನು ಹುಡುಕುತ್ತಾರೆ. ಅವರ ಭಯ ಒಂದೇ: ಕಳಿಸಿದ ಕಕ್ಷಿದಾರ ವಾಪಸ್ ಬರುತ್ತಾನೋ ಇಲ್ಲವೋ. ಹಾಗಾಗಿ ಪ್ರತಿ ಪೇಶಿಯ ಸುದ್ದಿ ಮೊದಲು ಅವರಿಗೆ, ಆಮೇಲೆ ಕಕ್ಷಿದಾರನಿಗೆ. ಆ ಊರಿನ ಹೊಸ ಕೆಲಸ ನೇರವಾಗಿ ನನ್ನ ಹತ್ತಿರ ಬಂದರೆ ಅವರಿಗೇ ಫೋನು ಮಾಡಿ ತಿಳಿಸುತ್ತೇನೆ.

ಫೀಸಿನ ಮಾತು ಮೊದಲ ದಿನವೇ, ಚೀಟಿಯಲ್ಲಿ ಬರೆದು: ದಾವೆ ಹಾಕುವಾಗ ಇಷ್ಟು, ಸಾಕ್ಷಿಗೆ ಇಷ್ಟು, ವಾದಕ್ಕೆ ಇಷ್ಟು. ಅಪಘಾತ ಪರಿಹಾರದಲ್ಲಿ ಪರ್ಸೆಂಟೇಜ್ ಮಾತಾಡುವುದಿಲ್ಲ. ಗೆದ್ದರೆ ಇಷ್ಟು ಪಾಲು ಅನ್ನುವುದಕ್ಕೆ ವಕೀಲರ ಪರಿಷತ್ತಿನ ನಿಯಮ 20 ಒಪ್ಪುವುದಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಹಿಡಿಯುವ ಏಜೆಂಟರ ಸಹವಾಸವೂ ಬೇಡ. ರೈತರ ಕೈಯಲ್ಲಿ ದುಡ್ಡು ಆಡುವುದು ತೊಗರಿ ರಾಶಿ ಆದ ಮೇಲೆ, ಡಿಸೆಂಬರ್-ಜನವರಿಗೆ. ಬಾಕಿ ಆಗ ಕೇಳಿದರೆ ಬರುತ್ತದೆ. ಆಷಾಢದಲ್ಲಿ ಕೇಳಿದರೆ ಮನುಷ್ಯನೂ ಬರುವುದಿಲ್ಲ. ಆ ಎರಡು ತಿಂಗಳಲ್ಲಿ ಬಂದದ್ದರಲ್ಲಿ ವರ್ಷದ ಬಾಡಿಗೆ ಮೊದಲು ಎತ್ತಿಡುತ್ತೇನೆ.

ಈಗ ಒಬ್ಬ ಜೂನಿಯರ್ ಹುಡುಗಿ ಇದ್ದಾಳೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ನಾನಿನ್ನೂ ಅಷ್ಟಕ್ಕೆ ಮುಟ್ಟಿಲ್ಲ. ಸಂಜೆಯ ಮೆಸೇಜುಗಳಲ್ಲಿ ಅರ್ಧ ಈಗ ಅವಳೇ ಕಳಿಸುತ್ತಾಳೆ, ಕೆಲವರು ಅವಳ ನಂಬರಿಗೇ ಫೋನು ಮಾಡಲು ಶುರು ಮಾಡಿದ್ದಾರೆ.