ಹೊಸ ಸವಾರರ ಜೊತೆ ಗ್ರೂಪ್ ರೈಡ್: ಕೊನೆಯ ಬೈಕನ್ನು ನೋಡಿಕೊಂಡು ಪ್ಲಾನ್ ಮಾಡಿ

ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ನಾಲ್ಕೈದು ಬೈಕ್‌ಗಳು ಆರಾಮಾಗಿ ಹೋಗುತ್ತವೆ. ಅವರು ಕಣ್ಮರೆಯಾದ ಮೇಲೆ ಒಬ್ಬ ಹುಡುಗ ಬರುತ್ತಾನೆ. ಸೀಟಿನ ಪ್ಲಾಸ್ಟಿಕ್ ಕವರನ್ನೂ ಇನ್ನೂ ತೆಗೆದಿರುವುದಿಲ್ಲ. ಮುಂದೆ ಹೋದವರನ್ನು ಹಿಡಿಯಬೇಕು ಅಂತ ಬಸ್ಸು, ಟೆಂಪೊಗಳ ಸಂದಿಯಲ್ಲಿ ನುಗ್ಗಿಸುತ್ತಿರುತ್ತಾನೆ. ನನಗೆ ಸಿಟ್ಟು ಬರುವುದು ಅವನ ಮೇಲಲ್ಲ, ರೈಡ್ ಪ್ಲಾನ್ ಮಾಡಿದವರ ಮೇಲೆ.

ಮೊದಲು ಜಾಗ. ಹೋಗಿ ಬರುವುದು ಸೇರಿ 200 ಕಿ.ಮೀ. ಒಳಗೇ ಇರಲಿ. ಬೆಂಗಳೂರಿನವರಿಗೆ ನಾನು ಹೇಳುವುದು ಸಂಗಮ. ಕನಕಪುರ, ದೊಡ್ಡಾಲಹಳ್ಳಿ ದಾಟಿ ಹೋದರೆ ಅರ್ಕಾವತಿ ಬಂದು ಕಾವೇರಿ ಸೇರುವ ಜಾಗ, ಸುಮಾರು 90 ಕಿ.ಮೀ. ನಂದಿಬೆಟ್ಟ ಬೇಡವೇ ಬೇಡ, ವೀಕೆಂಡ್ ರಶ್‌ನಲ್ಲಿ ಹೇರ್‌ಪಿನ್ ತಿರುವು ಕಲಿಯೋಕಾಗಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ.

ಪೆಟ್ರೋಲ್, ಟೈರ್ ಗಾಳಿ, ಚೈನ್, ಬ್ರೇಕ್ ಎಲ್ಲ ಹಿಂದಿನ ದಿನವೇ ನೋಡಿ ಮುಗಿಸಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಡಿಜಿಲಾಕರ್‌ನಲ್ಲಿದ್ದರೆ ನಡೆಯುತ್ತದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾತ್ರ ಇರುವವರನ್ನು ಕರೆಯಬೇಡಿ, ಎಷ್ಟೇ ಗೋಗರೆದರೂ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ರಸ್ತೆ ಬದಿ ಗುಡ್ಡೆ ಹಾಕಿ ಮಾರುತ್ತಾರಲ್ಲ, ಅದರ ಮೇಲಿನ ಐಎಸ್‌ಐ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಒಳಗಿನ ಬಟ್ಟೆ ಸರಿಸಿ ಬೆರಳಿಂದ ಒತ್ತಿ ನೋಡಿ. ದಪ್ಪನೆಯ ಗಟ್ಟಿ ಥರ್ಮಾಕೋಲ್ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಟೋಪಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇಲ್ಲದವರು ಮುಂದಿನ ರೈಡ್‌ಗೆ ಬರಲಿ. ಹಾಗೇ ಬ್ಯಾಗ್ ಕಟ್ಟೋಕೆ ಕೊಕ್ಕೆ ಇರುವ ರಬ್ಬರ್ ಹಗ್ಗ ಬೇಡ. ಅದು ಕಳಚಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಬೈಕ್ ಅಲ್ಲೇ ಲಾಕ್ ಆಗುತ್ತದೆ. ಬೆನ್ನಿಗೆ ಹಾಕುವ ಬ್ಯಾಗೇ ಸಾಕು. ಓಡಿಸುತ್ತಲೇ ಒಬ್ಬರಿಗೊಬ್ಬರು ಮಾತಾಡೋಕೆ ಹೆಲ್ಮೆಟ್‌ಗೆ ಹಾಕುವ ಇಂಟರ್‌ಕಾಮ್‌ಗೆ ದುಡ್ಡು ಸುರಿಯುವ ಬದಲು ಒಂದು ಜೊತೆ ಒಳ್ಳೆ ಗ್ಲೌಸ್ ಕೊಳ್ಳಿ.

ಸಿಟಿ ಒಳಗೆ ಗುಂಪಾಗಿ ಹೋಗಬೇಡಿ. ಎಲ್ಲರೂ ಕಗ್ಗಲೀಪುರ ದಾಟಿ ಒಂದು ಪೆಟ್ರೋಲ್ ಬಂಕ್ ಹತ್ತಿರ ಸೇರಲಿ, ಅದೂ ಬೆಳಕು ಹರಿದ ಮೇಲೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಯಾರ ಹಿಂದೆ ಯಾರು?

ಒಂದು ಗುಂಪಿನಲ್ಲಿ ಆರು ಬೈಕ್ ಸಾಕು, ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ. ಅನುಭವ ಇರುವವರೊಬ್ಬರು ಮುಂದೆ, ಇನ್ನೊಬ್ಬರು ಕಟ್ಟಕಡೆಗೆ. ಎಲ್ಲರಿಗಿಂತ ನಿಧಾನ ಓಡಿಸುವವರು ಎರಡನೇ ಜಾಗದಲ್ಲಿ, ಲೀಡರ್‌ನ ಬೆನ್ನಿಗೇ ಇರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ, ಹೊಸಬರು ಹಿಂದೆ ಇದ್ದರೆ ಸೇಫ್ ಅಂದುಕೊಂಡು. ಆಗುವುದೇನು ಗೊತ್ತಾ? ಹಳ್ಳಿಯ ಹಂಪ್ ದಾಟಿದ ಕೂಡಲೇ ಲೀಡರ್ ಆಕ್ಸಲರೇಟರ್ ತಿರುಗಿಸುತ್ತಾನೆ, ಆಗ ಆರನೆಯವನು ಇನ್ನೂ ಹಂಪ್ ಮುಂದೆ ಬ್ರೇಕ್ ಹಿಡಿಯುತ್ತಿರುತ್ತಾನೆ. ಅಷ್ಟರಲ್ಲಿ ನಡುವೆ ದೊಡ್ಡ ಗ್ಯಾಪ್ ಬಿದ್ದಿರುತ್ತದೆ. ಮುಂದಿನವರು 60ರಲ್ಲಿ ಹೋಗುತ್ತಿದ್ದರೆ ಅದನ್ನು ತುಂಬೋಕೆ ಇವನು 80ರಲ್ಲಿ ಓಡಿಸಬೇಕು. ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವ ಕೆಲಸ ಎಲ್ಲರಿಗಿಂತ ಹೊಸಬನಿಗೆ! ಹಾಗಾಗಿ ಲೀಡರ್ ಆದವರು ಪ್ರತಿ ಹಂಪ್, ಪ್ರತಿ ಊರು ದಾಟಿದ ಮೇಲೂ ಕನ್ನಡಿಯಲ್ಲಿ ಕೊನೆಯ ಹೆಡ್‌ಲೈಟ್ ಕಾಣುವ ತನಕ ನಿಧಾನವಾಗೇ ಹೋಗಬೇಕು.

ಮುಂದಿನ ಬೈಕ್ ದಾಟಿದ ಕಂಬವನ್ನು ನೀವು ತಲುಪುವಷ್ಟರಲ್ಲಿ ಎರಡು ಸೆಕೆಂಡ್ ಆಗಿರಬೇಕು. ಹೊಸಬರಿಗೆ ಮೂರು. ನೇರ ರಸ್ತೆಯಲ್ಲಿ ಒಬ್ಬರು ಲೇನ್‌ನ ಬಲಕ್ಕೆ, ಹಿಂದಿನವರು ಎಡಕ್ಕೆ. ತಿರುವು ಬಂದರೆ ಸಾಲಾಗಿ ಒಬ್ಬರ ಹಿಂದೆ ಒಬ್ಬರು. ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದು ಬೇಡ.

ಓವರ್‌ಟೇಕ್ ಬಗ್ಗೆ ಹೊರಡುವ ಮೊದಲು ಎಲ್ಲರ ಮುಖ ನೋಡಿ ಹೇಳಿ: ಮುಂದಿನವನು ಲಾರಿ ದಾಟಿದ ಅಂತ ನೀನು ದಾಟಬೇಡ. ಅವನಿಗೆ ಕಂಡ ಖಾಲಿ ರಸ್ತೆ ನಿನ್ನ ಸರದಿ ಬರುವಷ್ಟರಲ್ಲಿ ಖಾಲಿ ಇರುವುದಿಲ್ಲ. ನಿನ್ನ ಕಣ್ಣಿಗೆ ಕಂಡರೆ ಮಾತ್ರ ಹೋಗು, ಇಲ್ಲದಿದ್ದರೆ ಲಾರಿ ಹಿಂದೆಯೇ ಇರು, ನಾವು ಕಾಯುತ್ತೇವೆ. ಈ ಕೊನೆಯ ಮಾತನ್ನು ಬಿಡಬೇಡಿ. ಒಬ್ಬನೇ ಹಿಂದೆ ಉಳಿದುಬಿಡುತ್ತೇನೆ ಅನ್ನುವ ಭಯವೇ ಹೊಸಬರ ಕೈಲಿ ಇಂಥ ಓವರ್‌ಟೇಕ್ ಮಾಡಿಸುವುದು. ದಾಟಿದವರೂ ಲಾರಿ ಮೂತಿಗೇ ಬಂದು ನಿಧಾನ ಮಾಡದೆ, ಹಿಂದಿನವರಿಗೆ ಜಾಗ ಬಿಟ್ಟು ಸ್ವಲ್ಪ ಮುಂದೆ ಹೋಗಬೇಕು.

ದಾರಿ ತಪ್ಪದಂತೆ ಒಂದೇ ನಿಯಮ. ರಸ್ತೆ ಕವಲೊಡೆಯುವ ಕಡೆ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವ ತನಕ ಪಕ್ಕದಲ್ಲಿ ನಿಲ್ಲುವುದು. ಯಾರೂ ಮ್ಯಾಪ್ ನೋಡುತ್ತಾ ಓಡಿಸಬೇಕಿಲ್ಲ. ಇಪ್ಪತ್ತು ಕೈಸನ್ನೆ ಕಲಿಸಲು ಹೋಗಬೇಡಿ. ನಿಲ್ಲು, ಗುಂಡಿ, ಪೆಟ್ರೋಲ್, ಈ ಮೂರು ಸಾಕು.

ಡಿಸೆಂಬರ್, ಜನವರಿಯಲ್ಲಿ ಹೊರಟರೆ ಇನ್ನೊಂದು ವಿಷಯ. ಆ ಕಡೆ ರಾಗಿ, ಹುರುಳಿ ಒಕ್ಕಣೆಗೆ ರೈತರು ಬೆಳೆಯನ್ನು ಡಾಂಬರ್ ಮೇಲೇ ಹರಡಿರುತ್ತಾರೆ. ದೂರದಿಂದ ಒಣಹುಲ್ಲು ಕಂಡ ಹಾಗೆ ಕಾಣುತ್ತದೆ, ಅದರಡಿ ಕಾಳು ಗೋಲಿಯಂತೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದಿರಿ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಿ.

ಸಂಗಮದಲ್ಲಿ ನೀರಿಗೆ ಇಳಿಯಬೇಡಿ, ಸುಳಿ ಇವೆ. ಊಟ ಮುಗಿಸಿ ಎರಡು ಗಂಟೆಗೆಲ್ಲ ಹೊರಟುಬಿಡಿ. ವಾಪಸ್ ಬರುವಾಗ ಹೊಸಬರ ಕೈ, ಬೆನ್ನು ಸೋತಿರುತ್ತದೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕೇಳದೇ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿಸಿ. ಎಲ್ಲರ ಫೋನ್‌ನಲ್ಲೂ ಎಲ್ಲರ ಮನೆಯವರ ನಂಬರ್ ಇರಲಿ, ಏನಾದರೂ ಆದರೆ 112. ಬೆಳಿಗ್ಗೆ ಸೇರಿದ ಬಂಕಿನಲ್ಲೇ ಗುಂಪು ಬಿಡಿಸಿ, ಒಬ್ಬೊಬ್ಬರೂ ಮನೆ ಸೇರಿ ಮೆಸೇಜ್ ಹಾಕುವ ತನಕ ಲೀಡರ್ ಫೋನ್ ಕೈಲೇ ಇಟ್ಟುಕೊಂಡಿರಲಿ.