ಮ್ಯಾಗ್ನಮ್ ವೇಗ: ಡಬ್ಬಿ ಮೇಲಿನ ಅಂಕಿ ನೋಡಿ ಮರುಳಾಗಬೇಡಿ

ಅಮೆರಿಕದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಮ್ಯಾಗ್ನಮ್ (ಹೆಚ್ಚು ಮದ್ದಿನ, ಜೋರಾದ ತೋಟಾದ) ರೈಫಲ್ ಹುಡುಕುತ್ತಿರುವವರಿಗೆ ಒಂದು ಮಾತು. 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಗುಂಡು .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ತೋಟಾದಲ್ಲಿ ಸೆಕೆಂಡಿಗೆ ಸುಮಾರು 2,960 ಅಡಿ, .300 ವೆದರ್‌ಬಿಯಲ್ಲಿ 3,200 ದಾಟುತ್ತದೆ ಅಂತ ತೋಟಾ ಡಬ್ಬಿ ಹೇಳುತ್ತದೆ. ಆದರೆ ವೆದರ್‌ಬಿ ಅಂಕಿ 26 ಇಂಚಿನ ಬ್ಯಾರೆಲ್‌ದು, ಇನ್ನೊಂದು ಸಾಮಾನ್ಯವಾಗಿ 24 ಇಂಚಿನದು. ಸುಮ್ನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಅಲ್ವಾ? ನಿಮ್ಮ ರೈಫಲ್‌ನಲ್ಲೇ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ಇಟ್ಟು ಅಳೆಯಿರಿ.

ಮನೆಯಲ್ಲೇ ತೋಟಾ ತುಂಬುವವರು ತೋಟಾ ತುಂಬುವ ಮ್ಯಾನುಯಲ್‌ನಲ್ಲಿ ಕೊಟ್ಟ ಮದ್ದಿನ ಆರಂಭದ ಅಳತೆಯಿಂದಲೇ ಶುರು ಮಾಡಿ. ಅದರಲ್ಲಿರುವುದಕ್ಕಿಂತ ವೇಗ ಜಾಸ್ತಿ ಬಂದರೆ ಖುಷಿಪಡಬೇಡಿ, ಒತ್ತಡವೂ ಏರಿದೆ ಅಂತಲೇ ತಿಳಿಯಿರಿ. ಬೆಲ್ಟ್ (ಬುಡದ ಬಳಿಯ ಉಬ್ಬು ಪಟ್ಟಿ) ಇರುವ ಕೇಸ್‌ನ (ತೋಟಾದ ಹಿತ್ತಾಳೆ ಕವಚದ) ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, ಡೈಯಲ್ಲಿ (ಕೇಸ್ ಆಕಾರ ಸರಿಮಾಡುವ ಅಚ್ಚಿನಲ್ಲಿ) ಪೂರ್ತಿ ಹಿಂದಕ್ಕೆ ತಳ್ಳಬೇಡಿ. ನಿಮ್ಮ ರೈಫಲ್‌ನ ಚೇಂಬರ್‌ನಲ್ಲಿ (ತೋಟಾ ಕೂರುವ ಜಾಗದಲ್ಲಿ) ಸಲೀಸಾಗಿ ಕೂರುವಷ್ಟಾದರೆ ಸಾಕು. ಇಲ್ಲದಿದ್ದರೆ ನಾಲ್ಕಾರು ಸಲ ತುಂಬಿ ಹಾರಿಸುವಷ್ಟರಲ್ಲೇ ಬೆಲ್ಟ್‌ನ ಮೇಲ್ಗಡೆ ಹಿತ್ತಾಳೆ ತೆಳುವಾಗಿ ಬಿರುಕು ಬಿಡಬಹುದು.